ಹಾತೆಯ ಜೊತೆ ಅದರ ಗಿಡವೂ ದಾಖಲಾಗಲಿ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ಮಟ್ಟಿಗೆ ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಷ್ಟೇ ಸಿಗುವ ಡೈಕೊಮೆರಿಸ್ ಜುನಿಪೆರೆಲ್ಲಾ ಎಂಬ ಅಪರೂಪದ ಪುಟ್ಟ ಪತಂಗದ ಬದುಕೆಲ್ಲ ಜುನಿಪರ್ ಪೊದೆಯ ಮೇಲೇ ನಿಂತಿದೆ. ನಮ್ಮ ಆಯುರ್ವೇದದಲ್ಲಿ ಹಪುಷಾ ಎಂದು ಕರೆಯುವ ಆ ಪೊದೆಯ ಸೂಜಿಯಂಥ ಎಲೆಗಳ ನಡುವೆ ಅದರ ಮರಿಹುಳು ರೇಷ್ಮೆಯೆಳೆಯ ಗೂಡು ಹೆಣೆದುಕೊಂಡು ಬೆಳೆಯುತ್ತದೆ. ಕುರಿ, ಮೊಲಗಳು ಎಳೆಯ ಸಸಿಗಳನ್ನು ಮೇಯ್ದದ್ದೂ ಸೇರಿ ಹಲವು ಕಾರಣಗಳಿಂದ ಅಲ್ಲಿ ಕಾಡು ಜುನಿಪರ್ ಕುಗ್ಗಿದೆ. ಆದರೆ ಮನೆಯಂಗಳಗಳಲ್ಲಿ ಜನ ಅಂದಕ್ಕೆಂದು ಜುನಿಪರ್ ನೆಟ್ಟ ಮೇಲೆ, ಅದನ್ನೇ ನೆಚ್ಚಿದ ಜುನಿಪರ್ ಕಾರ್ಪೆಟ್ ಎಂಬ ಇನ್ನೊಂದು ಪತಂಗ ಊರೊಳಕ್ಕೂ ಹರಡಿತು.

ಇದನ್ನು ಶಿರಸಿಯ ಓದುಗರ ಮುಂದಿಡಲು ಕಾರಣ ನಮ್ಮ ಹಾಲುಮಡ್ಡಿ ಮರ. ಲಡಾಖಿನಲ್ಲಿ ಜುನಿಪರ್ ಟೊಂಗೆಯನ್ನು ಧೂಪಕ್ಕೆ ಸುಡುವಂತೆ ನಮ್ಮಲ್ಲಿ ಹಾಲುಮಡ್ಡಿಯ ಅಂಟನ್ನು ಸುಡುತ್ತಾರೆ. ಅದರ ಎಳೆಯ ಕುಡಿಗಳಲ್ಲಿಯೂ ಒಂದು ಪುಟ್ಟ ಪತಂಗದ ಮರಿಹುಳುಗಳು ಬಲೆ ಹೆಣೆದು ವಾಸಿಸುತ್ತವೆ. ಕಿತ್ತಳೆ ಬಣ್ಣದ ರೆಕ್ಕೆಯ ಮೇಲೆ ಬಿಳಿ ಚುಕ್ಕೆಗಳಿರುವ ಈ ಆಟೆವಾ ಫ್ಯಾಬ್ರಿಸಿಯೆಲ್ಲಾ ಅಪರೂಪದ್ದೇನಲ್ಲ, ನರ್ಸರಿಗಳಲ್ಲಿ ಇದನ್ನು ಪೀಡೆಯೆಂದೇ ಎಣಿಸುತ್ತಾರೆ. ಆದರೂ ಮಳೆಗಾಲದ ಸಂಜೆ ಜಗಲಿಯ ದೀಪಕ್ಕೆ ಮುತ್ತುವ ಹಾತೆಗಳಲ್ಲಿ ಯಾವುದು ಯಾವ ಗಿಡದ ಮನೆಯದು ಎಂದು ಕೇಳಿದರೆ, ತೋಟಕ್ಕೆ ಸೊಪ್ಪು ಕೊಯ್ಯುವ ಸೊಪ್ಪಿನ ಬೆಟ್ಟದಲ್ಲೇ ಬೆಳೆದ ನನ್ನಂಥವರೂ ಒಂದೆರಡಕ್ಕಿಂತ ಹೆಚ್ಚು ಹೇಳಲಾರೆವು.

2002ರ ಜೀವವೈವಿಧ್ಯ ಕಾಯ್ದೆಯಂತೆ ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ನಾನು ಓದಿ ನೋಡಿದ ಒಂದು ದಾಖಲಾತಿಯಲ್ಲಿ ಮರ, ಬಳ್ಳಿ, ಔಷಧಿ ಸಸ್ಯಗಳ ಹೆಸರುಗಳು ಪುಟಗಟ್ಟಲೆ ಇದ್ದವು, ಪತಂಗದ ಹೆಸರು ಒಂದೂ ಇರಲಿಲ್ಲ. ಯಾವ ಉಪಯೋಗಕ್ಕೂ ಬಾರದೆಂದು ಬೆಟ್ಟ ಸವರುವಾಗ ಮೊದಲು ಕಡಿಯುವ ಕುರುಚಲು ಗಿಡವೊಂದು ಇಂಥ ಜೀವಿಯ ಏಕೈಕ ಆಸರೆಯಾಗಿದ್ದರೆ ಅದು ನಮಗೆ ತಿಳಿಯುವ ದಾರಿಯೇ ಇಲ್ಲ.

ಆದ್ದರಿಂದ ದಾಖಲಾತಿಯನ್ನು ಪರಿಷ್ಕರಿಸುವಾಗ ಪ್ರತಿ ಗಿಡದ ಹೆಸರಿನ ಮುಂದೆ ಅದನ್ನು ತಿನ್ನುವ ಮರಿಹುಳು ಮತ್ತು ಅದರಿಂದ ಹೊರಬರುವ ಪತಂಗವನ್ನು ಬರೆಯಲು ಒಂದು ಅಂಕಣವನ್ನು ಸೇರಿಸಬೇಕೆಂದು ಸಮಿತಿಗಳನ್ನು ವಿನಂತಿಸುತ್ತೇನೆ. ಬಿಳಿ ಪಂಚೆಯ ಮುಂದೆ ದೀಪವಿಟ್ಟರೆ ಪತಂಗ ತಾನಾಗಿ ಬಂದು ಕೂರುತ್ತದೆ, ಮರಿಹುಳುವನ್ನು ಮಾತ್ರ ಹಗಲಿನಲ್ಲಿ ಗಿಡದ ಮೇಲೆಯೇ ಹುಡುಕಬೇಕು. ಈ ಕೆಲಸಕ್ಕೆ ಶಾಲಾ ಮಕ್ಕಳನ್ನೂ ಬೆಟ್ಟದಲ್ಲಿ ದಿನವೂ ಸೊಪ್ಪು ಕೊಯ್ಯುವವರನ್ನೂ ಸೇರಿಸಿಕೊಳ್ಳಲಿ. ನಮ್ಮ ಬೆಟ್ಟದ ಗಿಡಗಳನ್ನು ತೋರಿಸಲು ನಾನು ಸಿದ್ಧನಿದ್ದೇನೆ.

— ಓರ್ವ ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು