ಬೆಳ್ಳಿ ಫಿಲ್ಲಿಂಗ್ ನಿಲ್ಲಿಸುತ್ತಿದ್ದೇವೆ, ಆದರೆ ಹಳೆಯದನ್ನು ಸುಮ್ನೆ ತೆಗೆಸಬೇಡಿ

ನಮ್ಮ ಕ್ಲಿನಿಕ್ಕಿಗೆ ಬರುವ ಎಲ್ಲರಿಗೂ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಸಿದ್ದಾಪುರದ ನಮ್ಮ ಕ್ಲಿನಿಕ್ಕಿನಲ್ಲಿ ಹುಳುಕು ಹಲ್ಲಿಗೆ ಬೆಳ್ಳಿ ಫಿಲ್ಲಿಂಗ್ ಹಾಕುವುದಿಲ್ಲ. ಅದರ ಬದಲು ಹಲ್ಲಿನ ಬಣ್ಣದ ಕಾಂಪೋಸಿಟ್ ಅಥವಾ ಗ್ಲಾಸ್ ಅಯೊನೊಮರ್ ಸಿಮೆಂಟ್ ಹಾಕುತ್ತೇವೆ. ಸುದ್ದಿ ಕೇಳಿದ ಕೆಲವರು ಆಗಲೇ "ಹಾಗಾದ್ರೆ ನನ್ನ ಬಾಯಲ್ಲಿರೋದು ವಿಷನಾ ಡಾಕ್ಟ್ರೇ? ತೆಗೆದುಬಿಡಿ" ಎಂದು ಬರುತ್ತಿದ್ದಾರೆ. ಅದಕ್ಕೇ ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ.

ಬೆಳ್ಳಿ ಫಿಲ್ಲಿಂಗ್ ಅಂದರೆ ಅಮಾಲ್ಗಮ್. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರದ ಪುಡಿ. 150 ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಎಲ್ಲ ಕಡೆ ಇದನ್ನು ಹಾಕಿದ್ದಾರೆ. ಕಾರಣ ಇದೆ. ಖರ್ಚು ಕಡಿಮೆ, ತುಂಬಾ ಗಟ್ಟಿ, ಸ್ವಲ್ಪ ಒದ್ದೆ ಇದ್ದರೂ ಕೂರುತ್ತದೆ. ಎಲೆಅಡಿಕೆ ಜಗಿಯುವ ದವಡೆಯಲ್ಲೂ ವರ್ಷಗಟ್ಟಲೆ ಬಾಳುತ್ತದೆ.

ಗಟ್ಟಿಯಾದ ಮೇಲೂ ಜಗಿಯುವಾಗ, ನಿದ್ದೆಯಲ್ಲಿ ಹಲ್ಲು ಕಡಿಯುವಾಗ ತೀರಾ ಸ್ವಲ್ಪ ಪಾದರಸ ಆವಿಯಾಗಿ ಹೊರಗೆ ಬರುತ್ತದೆ. ಇಂಥ ಫಿಲ್ಲಿಂಗ್ ಜಾಸ್ತಿ ಇರುವವರ ಮೂತ್ರದಲ್ಲಿ ಪಾದರಸವೂ ಸ್ವಲ್ಪ ಜಾಸ್ತಿ ಕಾಣುತ್ತದೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದರಿಂದ ಕಾಯಿಲೆ ಬರುತ್ತದೆಯೇ ಎಂದು ಮಕ್ಕಳಲ್ಲೇ ನೋಡಿದ್ದಾರೆ. ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ ಒಂದು, ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಒಂದು ಅಧ್ಯಯನ ನಡೆದು 2006ರಲ್ಲಿ ಪ್ರಕಟವಾದವು. ಕೆಲವು ಮಕ್ಕಳಿಗೆ ಅಮಾಲ್ಗಮ್, ಉಳಿದವರಿಗೆ ಕಾಂಪೋಸಿಟ್ ಹಾಕಿ ವರ್ಷಗಟ್ಟಲೆ ಗಮನಿಸಿದರು. ಬುದ್ಧಿಶಕ್ತಿ, ನೆನಪು, ನರಗಳ ಕೆಲಸ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆದ್ದರಿಂದ ನಿಮ್ಮ ಹಳೆಯ ಫಿಲ್ಲಿಂಗ್ ಸರಿಯಾಗಿದ್ದರೆ ಇರಲಿ ಬಿಡಿ. ಅದನ್ನು ಕೊರೆದು ತೆಗೆಯುವಾಗಲೇ ಆವಿ ಜಾಸ್ತಿ ಏಳುವುದು. ಜೊತೆಗೆ ಒಳ್ಳೆಯ ಹಲ್ಲೂ ಒಂದಿಷ್ಟು ಸವೆಯುತ್ತದೆ.

ಮತ್ತೆ ಯಾಕೆ ನಿಲ್ಲಿಸುವುದು? ಮುಖ್ಯವಾಗಿ ನಮ್ಮ ಸಿಬ್ಬಂದಿಗಾಗಿ, ಆಮೇಲೆ ನೀರಿಗಾಗಿ. ನೀವು ಕುರ್ಚಿಯಲ್ಲಿ ಅರ್ಧ ಗಂಟೆ ಕೂತು ಎದ್ದು ಹೋಗುತ್ತೀರಿ. ಪಕ್ಕದಲ್ಲಿ ನಿಂತ ಹೆಣ್ಣುಮಗಳು ದಿನಾ ಅದೇ ಕೋಣೆಯಲ್ಲಿ ಇರುತ್ತಾಳೆ. ಹಿಂದೆ ಪುಟ್ಟ ಒರಳಿನಲ್ಲಿ ಪುಡಿಗೆ ಪಾದರಸ ಹಾಕಿ ಅರೆದು, ತೆಳು ಬಟ್ಟೆಯಲ್ಲಿ ಸುತ್ತಿ ಹಿಂಡುತ್ತಿದ್ದರು. ಹೆಚ್ಚಾದ ಪಾದರಸ ಮಣಿಮಣಿಯಾಗಿ ಹೊರಗೆ ಬರುತ್ತಿತ್ತು. ಒಂದು ಹನಿ ಕೈತಪ್ಪಿದರೆ ನೂರು ಚೂರಾಗಿ ಟೈಲ್ಸಿನ ಸಂದಿ ಸೇರುತ್ತದೆ, ಅಲ್ಲೇ ಕೂತು ಕಣ್ಣಿಗೆ ಕಾಣದಂತೆ ಆವಿಯಾಗುತ್ತಲೇ ಇರುತ್ತದೆ. ಪುಡಿ, ಪಾದರಸ ಎರಡನ್ನೂ ಅಳೆದು ಮುಚ್ಚಿಟ್ಟ ಕ್ಯಾಪ್ಸೂಲ್ ಬಂದ ಮೇಲೆ ಇದು ಬಹಳ ಕಡಿಮೆಯಾಯಿತು. ಆದರೆ ಪೂರ್ತಿ ಹೋಗಲಿಲ್ಲ. ಆ ಗಾಳಿ ಕುಡಿಯುವವರು ನಮ್ಮ ಹುಡುಗಿಯರು. ನಾಳೆ ಅವರೂ ತಾಯಂದಿರಾಗುವವರು.

ನೀರಿನ ಮಾತಂತೂ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಪಕ್ಕದಲ್ಲೇ ಕಾವೇರಿ. ಬಾಯಿ ಮುಕ್ಕಳಿಸಿ ಉಗಿದ ನೀರಿನ ಜೊತೆ ಅಮಾಲ್ಗಮ್ ಚೂರು ಮೋರಿಗೆ ಹೋದರೆ ಕೊನೆಗೆ ಹೊಳೆಯ ಕೆಸರು ಸೇರುತ್ತದೆ. ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಪಾದರಸವನ್ನು ಮೀಥೈಲ್ ಪಾದರಸ ಮಾಡುತ್ತವೆ. ಅದು ಮೀನಿನ ಮೈಯಲ್ಲಿ ಉಳಿದುಕೊಳ್ಳುತ್ತದೆ. ಜಪಾನಿನ ಮಿನಮಾಟದಲ್ಲಿ ಜನರ ನರ ಕೆಡಿಸಿದ್ದು ಈ ಮೀಥೈಲ್ ಪಾದರಸವೇ, ಕಾರ್ಖಾನೆಯಿಂದ ಬಂದದ್ದು. 1956ರಲ್ಲಿ ಆ ಕಾಯಿಲೆ ಬೆಳಕಿಗೆ ಬಂತು. ಹಲ್ಲಿನ ಕ್ಲಿನಿಕ್ಕಿಗೂ ಆ ಕಾರ್ಖಾನೆಗೂ ಪ್ರಮಾಣದಲ್ಲಿ ಹೋಲಿಕೆಯೇ ಇಲ್ಲ. ಆದರೂ ನಮ್ಮ ಪಾಲು ಎಷ್ಟೇ ಸಣ್ಣದಾಗಿರಲಿ, ಅದು ಹೊಳೆಗೆ ಬೇಡ.

ಪಾದರಸದ ಬಳಕೆ ಕಡಿಮೆ ಮಾಡಲು ಮಿನಮಾಟದ ಹೆಸರಿನಲ್ಲೇ 2013ರಲ್ಲಿ ಒಂದು ಜಾಗತಿಕ ಒಪ್ಪಂದವಾಯಿತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. 15 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಎದೆಹಾಲು ಕುಡಿಸುವವರಿಗೆ ತೀರಾ ಅಗತ್ಯ ಇಲ್ಲದಿದ್ದರೆ ಅಮಾಲ್ಗಮ್ ಬೇಡ ಎಂದು 2022ರಲ್ಲಿ ಸೇರಿಸಿದರು. 2034ಕ್ಕೆ ಪೂರ್ತಿ ನಿಲ್ಲಿಸೋಣ ಎಂದು 2025ರ ನವೆಂಬರಿನಲ್ಲಿ ಜಿನೀವಾದಲ್ಲಿ ಒಪ್ಪಿದರು. ಯುರೋಪಿನ ಒಕ್ಕೂಟ 2025ರ ಜನವರಿಯಿಂದಲೇ ನಿಲ್ಲಿಸಿದೆ. ನಾವು 2034ರ ತನಕ ಕಾಯುವುದು ಬೇಡ ಅನ್ನಿಸಿತು.

ಈಗ ದುಡ್ಡಿನ ಮಾತು. ಕಾಂಪೋಸಿಟ್‌ಗೆ ಖರ್ಚು ಜಾಸ್ತಿ, ಸಮಯವೂ ಜಾಸ್ತಿ. ಹಲ್ಲು ಪೂರ್ತಿ ಒಣಗಿರಬೇಕು. ಅದಕ್ಕೆ ರಬ್ಬರ್ ಹಾಳೆ ಕಟ್ಟಿ, ತೆಳು ತೆಳುವಾಗಿ ತುಂಬಿ, ಒಂದೊಂದು ಪದರಕ್ಕೂ ನೀಲಿ ಬೆಳಕು ಹಿಡಿಯಬೇಕು. ದವಡೆ ಹಲ್ಲಿನ ದೊಡ್ಡ ತೂತಿನಲ್ಲಿ ಅದು ಅಮಾಲ್ಗಮ್‌ನಷ್ಟು ವರ್ಷ ಬಾಳದೇ ಇರಬಹುದು. ಇದನ್ನು ಮೊದಲೇ ತಿಳಿಸುವುದು ಒಳ್ಳೆಯದು. ಮಕ್ಕಳ ಹಾಲುಹಲ್ಲಿಗೆ ಗ್ಲಾಸ್ ಅಯೊನೊಮರ್ ಹಾಕುತ್ತೇವೆ, ಬೆಳ್ಳಿ ಫಿಲ್ಲಿಂಗಿನ ಹಳೆಯ ದರದಲ್ಲೇ. ಅದರಿಂದ ಸ್ವಲ್ಪ ಫ್ಲೋರೈಡ್ ಬಿಡುಗಡೆಯಾಗುತ್ತದೆ, ಹಲ್ಲಿಗೆ ಒಳ್ಳೆಯದೇ. ತೋಟದ ಕೆಲಸದವರು ಕಾಂಪೋಸಿಟ್ ಹಣವನ್ನು ಎರಡು ಬಟವಾಡೆಯಲ್ಲಿ ಕೊಡಬಹುದು. ಕೌಂಟರಿನಲ್ಲಿ ಹೇಳಿದರೆ ಸಾಕು, ಸಂಕೋಚ ಬೇಡ.

ಹಳೆಯ ಫಿಲ್ಲಿಂಗ್ ಬಿರುಕು ಬಿಟ್ಟಿದ್ದರೆ, ಅಂಚಿನಲ್ಲಿ ಮತ್ತೆ ಹುಳುಕು ಹಿಡಿದಿದ್ದರೆ, ನೋವಿದ್ದರೆ ಬನ್ನಿ. ರಬ್ಬರ್ ಹಾಳೆ ಕಟ್ಟಿ, ನೀರು ಬಿಡುತ್ತಾ, ಜೋರು ಸಕ್ಷನ್ ಇಟ್ಟು, ಆದಷ್ಟೂ ದೊಡ್ಡ ತುಂಡಾಗಿ ತೆಗೆಯುತ್ತೇವೆ. ತುಂಡುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಬೇರೆಯೇ ಇಡುತ್ತೇವೆ, ಸುಡುವ ಕಸಕ್ಕೆ ಸೇರಿಸುವುದಿಲ್ಲ. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ. ನೋವು, ಸೋಂಕು ಇಲ್ಲದಿದ್ದರೆ ಹೆರಿಗೆ, ಬಾಣಂತನ ಎಲ್ಲ ಮುಗಿಯಲಿ, ಆಮೇಲೆ ನೋಡೋಣ.

ಇನ್ನೊಂದು ಮಾತು. ಬೆಳ್ಳಿ ಫಿಲ್ಲಿಂಗ್ ಇರುವ ಹಲ್ಲು ಮನೆಯಲ್ಲಿ ಬಿದ್ದುಹೋದರೆ, ಅಥವಾ ಫಿಲ್ಲಿಂಗ್ ಮಾತ್ರ ಕಳಚಿ ಬಂದರೆ, ಒಲೆಗೆ ಹಾಕಬೇಡಿ. ಬಿಸಿಗೆ ಪಾದರಸ ಆವಿಯಾಗಿ ಮನೆಯೊಳಗೇ ತುಂಬುತ್ತದೆ. ಮುಚ್ಚಳ ಇರುವ ಸಣ್ಣ ಬಾಟಲಿಯಲ್ಲಿ ಹಾಕಿ, ಪೇಟೆಗೆ ಬಂದಾಗ ನಮ್ಮ ಕೈಗೆ ಕೊಡಿ.

ನಿಮ್ಮ,
ದಂತ ವೈದ್ಯರು ಮತ್ತು ಸಿಬ್ಬಂದಿ
ಸಿದ್ದಾಪುರ, ಕೊಡಗು