ರೇಟು ಹೇಳುವ ಮೊದಲು ಕಾರು ನೋಡಿ

ಕಾರು ತೊಳೆದು ಪಾಲಿಶ್ ಮಾಡುವ ಗೆಳೆಯರೇ, ಕೆಲಸದ ರೇಟು ಫೋನಿನಲ್ಲೇ ಹೇಳಿಬಿಡಬೇಡಿ. ಕಾರನ್ನು ಬಿಸಿಲಿಗೆ ನಿಲ್ಲಿಸಿ, ಗಿರಾಕಿಯ ಜೊತೆ ಒಂದು ಸುತ್ತು ಹಾಕಿ. ಗೀರಿನ ಮೇಲೆ ಉಗುರು ಆಡಿಸಿ ತೋರಿಸಿ. ಉಗುರು ಸಿಕ್ಕಿಕೊಂಡರೆ, ಅದು ಪಾಲಿಶ್‌ನಿಂದ ಪೂರ್ತಿ ಹೋಗುವುದಿಲ್ಲ ಅಂತ ಆಗಲೇ ಹೇಳಿ.

ಸೆರಾಮಿಕ್ ಕೋಟಿಂಗ್ (ಕಾರಿನ ಬಣ್ಣದ ಮೇಲೆ ಹಚ್ಚುವ ತೆಳುವಾದ ರಕ್ಷಣೆಯ ಪದರ) ಮಾಡಿಸಿದರೆ ಗೀರೇ ಬೀಳುವುದಿಲ್ಲ ಅಂತ ಎಷ್ಟೋ ಜನ ನಂಬಿರುತ್ತಾರೆ. ನೀರು ಜಾರುತ್ತದೆ, ತೊಳೆಯುವುದು ಸುಲಭವಾಗುತ್ತದೆ, ಆದರೆ ಕಲ್ಲೇಟು ತಡೆಯುವುದಿಲ್ಲ. ಇದನ್ನು ಬಿಡಿಸಿ ಹೇಳಿ.

ಬೋರ್‌ವೆಲ್ ನೀರಿನ ಬಿಳಿ ಕಲೆ, ಸೀಟಿನಲ್ಲಿ ನಾಯಿಯ ಕೂದಲು ಇದ್ದರೆ ಕೆಲಸ ಜಾಸ್ತಿ, ದುಡ್ಡೂ ಜಾಸ್ತಿ. ಹೋದ ವಾರ ಒಬ್ಬ ಹಿರಿಯ ಗಿರಾಕಿಗೆ ನಾನೇ ಇದನ್ನು ಮೊದಲು ಹೇಳಲಿಲ್ಲ. ಸಂಜೆ ಬಿಲ್ ನೋಡಿ ಆ ಹಿರಿಯರ ಮುಖ ಸಪ್ಪಗಾಯಿತು. ನನಗೂ ತುಂಬಾ ಬೇಜಾರಾಯ್ತು.

ಒಪ್ಪಿದ ಮೊತ್ತವನ್ನು ಜಿಎಸ್‌ಟಿ ಸೇರಿಸಿ, ಕೆಲಸ ಶುರು ಮಾಡುವ ಮುಂಚೆಯೇ ವಾಟ್ಸಾಪ್ ಮಾಡಿ.