ಹಿತ್ತಲಿನ ಶೆಡ್ಡಿಗೆ ಪರ್ಮಿಶನ್ ಬೇಕೋ ಬೇಡವೋ: ನಮ್ಮ ಕೌನ್ಸಿಲರ್‌ಗೊಂದು ಬಹಿರಂಗ ಪತ್ರ

ನಮ್ಮ ವಾರ್ಡಿನ ಕೌನ್ಸಿಲರ್ ಅವರಿಗೆ ನಮಸ್ಕಾರ.

ಇಂಗ್ಲೆಂಡಿನಲ್ಲಿದ್ದರೂ ನೀವೂ ಕನ್ನಡದವರಾದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದ ಇಮೇಲ್‌ಗೆ ಎರಡು ತಿಂಗಳಾದರೂ ಉತ್ತರವಿಲ್ಲ. ಯುಗಾದಿ ಊಟಕ್ಕೆ ನಿಮ್ಮ ಪಕ್ಕದಲ್ಲೇ ಕೂತಿದ್ದೆ, ಆದರೆ ಹೋಳಿಗೆಗೆ ತುಪ್ಪ ಬೀಳುವ ಹೊತ್ತಲ್ಲಿ ಶೆಡ್ಡಿನ ವಿಷಯ ತೆಗೆಯಲು ಮನಸ್ಸಾಗಲಿಲ್ಲ.

ನನಗೆ ಬೇಕಾಗಿದ್ದದ್ದು ಹಿತ್ತಲಿನ ಮೂಲೆಯಲ್ಲಿ 4 ಮೀಟರ್ ಉದ್ದ, 3 ಮೀಟರ್ ಅಗಲದ ಮರದ ಕೋಣೆ. ಹಗಲು ನನ್ನ ಆಫೀಸ್ ಕೆಲಸ, ಸಂಜೆ ಮಗಳ ವೀಣೆ. ಇಂಗ್ಲೆಂಡಿನಲ್ಲಿ ಇಂಥದಕ್ಕೆಲ್ಲ 2015ರ ಆದೇಶವೊಂದರ ಅಡಿಯಲ್ಲಿ ‘ಪರ್ಮಿಟೆಡ್ ಡೆವಲಪ್‌ಮೆಂಟ್’ ಎಂಬ ವಿನಾಯಿತಿ ಇದೆ. ಒಂದೇ ಅಂತಸ್ತು ಇರಬೇಕು, ಮನೆಯ ಮುಂಭಾಗ ದಾಟಿ ಮುಂದೆ ಬರಬಾರದು, ಮೂಲ ಮನೆ ಬಿಟ್ಟು ಉಳಿದ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗಬಾರದು. ಬೇಲಿಗೆ 2 ಮೀಟರ್‌ಗಿಂತ ಹತ್ತಿರವಿದ್ದರೆ ಎತ್ತರ 2.5 ಮೀಟರ್ ಮೀರುವಂತಿಲ್ಲ. ಯಾರೂ ಅದರಲ್ಲಿ ಸಂಸಾರ ಹೂಡಬಾರದು. ಇಷ್ಟಿದ್ದರೆ ಅರ್ಜಿಯೇ ಬೇಡ.

ಎಲ್ಲವನ್ನೂ ಅಳೆದೆ ಸ್ವಾಮಿ. ನಮ್ಮ ಹಿತ್ತಲು ಇಳಿಜಾರು, ಆ ಮೂಲೆಯಲ್ಲೇ ಒಂದು ಗೇಣು ತಗ್ಗು. ಎತ್ತರವನ್ನು ಯಾವ ಕಡೆಯಿಂದ ಅಳೆಯಬೇಕು? ಕಟ್ಟಡಕ್ಕೆ ತಾಗಿದ ನೆಲದ ಅತಿ ಎತ್ತರದ ಜಾಗದಿಂದ. ತೀರ್ಥಹಳ್ಳಿಯಿಂದ ಬಂದಿದ್ದ ಅಪ್ಪ ಟೇಪಿನ ತುದಿ ಹಿಡಿದು ಒದ್ದೆ ಹುಲ್ಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ನಾಲ್ಕು ಗೂಟ ಹೊಡೆದದ್ದೂ ಅವರೇ. ಮುಂದೆ ಜಗಲಿ ಇಡುವಂತಿಲ್ಲ, ನಿಯಮದಲ್ಲೇ ಇಲ್ಲ ಅಂದಾಗ ಮಾತ್ರ ಅವರಿಗೆ ಬೇಸರವಾಯಿತು. “ಎಂಥದ ಮಾರಾಯ, ಜಗಲಿ ಇಲ್ದೆ ಕೂರೋದೆಲ್ಲಿ?” ಎಂದರು. ಬಡಗಿಗೆ ಮುಂಗಡ ಕೊಟ್ಟಾಯಿತು.

ಆಮೇಲೆ ಪಕ್ಕದ ಮನೆಯವರು ಬೇಲಿಯಾಚೆಯಿಂದ ಕೇಳಿದರು: ನಮ್ಮ ಎಸ್ಟೇಟಿಗೆ, ಅಂದರೆ ಈ ಬಡಾವಣೆಗೆ, ಆ ವಿನಾಯಿತಿಯನ್ನೇ ಕಿತ್ತುಹಾಕಿದ್ದಾರಂತಲ್ಲ, ಗೊತ್ತಾ?

ಕೌನ್ಸಿಲ್‌ಗೆ ಫೋನ್ ಮಾಡಿದೆ. ಫೋನಿನಲ್ಲಿ ಹೇಳಲಾಗದು, ‘ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್’ಗೆ, ಅಂದರೆ ಕಟ್ಟುವುದು ಕಾನೂನುಬದ್ಧ ಎಂಬ ಪ್ರಮಾಣಪತ್ರಕ್ಕೆ, ಅರ್ಜಿ ಹಾಕಿ ಎಂದರು. ಪೂರ್ತಿ ಅರ್ಜಿಯ ಅರ್ಧ ಶುಲ್ಕ, ಎಂಟು ವಾರದ ಕಾಯುವಿಕೆ. ಆ ಸರ್ಟಿಫಿಕೇಟ್ ಬೇಡವೆನ್ನುತ್ತಿಲ್ಲ, ಮನೆ ಮಾರುವಾಗ ಅದೇ ಕೈ ಹಿಡಿಯುತ್ತದೆ. ಆದರೆ ನಾನು ಕೇಳಿದ್ದು ಅಭಿಪ್ರಾಯವನ್ನಲ್ಲ, ನಿಮ್ಮದೇ ಕಡತದಲ್ಲಿ ಇರುವ ಒಂದು ಸಾಲನ್ನು.

ಆ ಸಾಲು ಕೊನೆಗೂ ಸಿಕ್ಕಿತು, ಮೂರು ರಾತ್ರಿ ಹುಡುಕಿದ ಮೇಲೆ. ವೆಬ್‌ಸೈಟಿನಲ್ಲಿ ನಮ್ಮ ಮನೆ ನಂಬರು, ಪೋಸ್ಟ್‌ಕೋಡ್ ಹಾಕಿದರೆ ಏನೂ ಬರುವುದಿಲ್ಲ. ಈ ಮನೆಗಳನ್ನು ಕಟ್ಟಲು ಅನುಮತಿ ಕೊಟ್ಟಾಗ ನಮ್ಮ ರಸ್ತೆಗೆ ಹೆಸರೇ ಇರಲಿಲ್ಲ, ದಾಖಲೆಯಲ್ಲಿ ಅದು ಇನ್ನೂ ‘ಡೇರಿಯ ಹಿಂದಿನ ಜಾಗ’. ಓರೆಯಾಗಿ ಸ್ಕ್ಯಾನ್ ಮಾಡಿದ ಹಾಳೆಯಲ್ಲಿ, ಗಿಡ ನೆಡುವ ಷರತ್ತಿಗೂ ಚರಂಡಿಯ ಷರತ್ತಿಗೂ ನಡುವೆ, ಅನುಮತಿ ಇಲ್ಲದೆ ಹಿತ್ತಲಲ್ಲಿ ಯಾವ ಕಟ್ಟಡವೂ ಕೂಡದು ಎಂದು ಬರೆದಿದೆ. ಮನೆ ಕೊಳ್ಳುವಾಗ ವಕೀಲರು ಕೊಟ್ಟ ದಪ್ಪ ಕಟ್ಟಿನಲ್ಲೂ ಇದು ಇತ್ತು. ಓದದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಷರತ್ತಿನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಹಿತ್ತಲುಗಳು ಅಂಗೈಯಗಲ, ಒಬ್ಬರ ಗೋಡೆ ಇನ್ನೊಬ್ಬರ ಬಿಸಿಲಿಗೆ ಅಡ್ಡ. ಆದರೆ ಟೇಪು ಹಿಡಿದು ಅಳೆಯಬಹುದಾದದ್ದನ್ನೆಲ್ಲ ಚಿತ್ರ ಸಮೇತ ತಿಳಿಸುವ ನೀವು, ಅಳೆಯಲಾಗದ ಈ ಒಂದನ್ನೇ ಕಡತದಲ್ಲಿ ಹೂತಿಟ್ಟರೆ ಹೇಗೆ? ನಮ್ಮ ಬೀದಿಯಲ್ಲಿ ಆಗಲೇ ಮೂರು ಶೆಡ್‌ಗಳಿವೆ, ಯಾವುವೆಂದು ಹೇಳಲಾರೆ. ಅನುಮತಿಯಿಲ್ಲದ ಕಟ್ಟಡಕ್ಕೆ ನಾಲ್ಕು ವರ್ಷ ಕಳೆದರೆ ಕೌನ್ಸಿಲ್ ಕ್ರಮದ ಗಂಡಾಂತರ ಕಳೆಯಿತು ಎಂದು ಆ ಮನೆಯವರು ನಂಬಿದ್ದಾರೆ. 2024ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನಲ್ಲಿ ಆ ನಾಲ್ಕು ಹತ್ತಾಗಿದೆ.

ಕಾನ್ಸರ್ವೇಶನ್ ಏರಿಯಾಗಳಿಗೆ, ಅಂದರೆ ಹಳೆಯ ರೂಪ ಕಾಪಾಡಬೇಕಾದ ಪ್ರದೇಶಗಳಿಗೆ, ನಿಮ್ಮ ಆನ್‌ಲೈನ್ ನಕ್ಷೆಯಲ್ಲಿ ಆಗಲೇ ಬಣ್ಣ ಬಳಿದಿದ್ದೀರಿ. ವಿನಾಯಿತಿ ಕಿತ್ತುಹಾಕಿದ ಎಸ್ಟೇಟುಗಳಿಗೂ ಒಂದು ಬಣ್ಣ ಹಾಕಿಸಿ. ಅಲ್ಲಿಯವರೆಗೆ, ಫೋನ್ ಎತ್ತುವವರು “ನಿಮ್ಮ ರಸ್ತೆಗೆ ಷರತ್ತಿದೆ, ಹಳೇ ಫೈಲಿನ ನಂಬರು ಇಂತಿಷ್ಟು” ಎಂದಷ್ಟೇ ಹೇಳಲಿ.

ನಾನಂತೂ ಪೂರ್ತಿ ಅರ್ಜಿಯನ್ನೇ ಹಾಕುತ್ತಿದ್ದೇನೆ. ಹೇಗೂ ಹಾಕುವುದೇ ಆದರೆ ಜಗಲಿಯನ್ನೂ ಸೇರಿಸು ಅಂದಿದ್ದಾರೆ ಅಪ್ಪ, ಸೇರಿಸಿದ್ದೇನೆ. ಶನಿವಾರ ನಿಮ್ಮ ‘ಸರ್ಜರಿ’ಗೆ, ಅಂದರೆ ಜನರ ಅಹವಾಲು ಕೇಳುವ ನಿಮ್ಮ ಭೇಟಿಗೆ, ಆ ಓರೆ ಹಾಳೆಯ ಪ್ರತಿ ಹಿಡಿದು ಬರುತ್ತೇನೆ.

ಇಂತಿ,
ಡೇರಿಯ ಹಿಂದಿನ ಜಾಗದ ನಿವಾಸಿ